ಕಾಲಿಲ್ಲದ ಕಲ್ಲಿದ್ದಲು

ರಾಯಚೂರಿನ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ರೈಲಿನಲ್ಲಿ ಬರುತ್ತದೆ ಎಂಬುದು ನಮಗೆಲ್ಲ ಗೊತ್ತು. ರೇಕು ತಡವಾದಾಗಲೆಲ್ಲ ‘ದಾಸ್ತಾನು ಮುಗಿಯುತ್ತಿದೆ’ ಎಂಬ ಸುದ್ದಿ ಪತ್ರಿಕೆಯಲ್ಲಿ ಬರುವುದರಿಂದ ಅದನ್ನು ಮರೆಯುವಂತೆಯೂ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ಗಣಿಗಳಿಂದ, ಒಡಿಶಾದ ಮಹಾನದಿ ಕಣಿವೆಯಿಂದ ವ್ಯಾಗನ್ನುಗಳು ಬರುತ್ತವೆ. ಒಡಿಶಾದ ತಾಲ್ಚೇರ್‌ನಿಂದ ರಾಯಚೂರಿಗೆ ನೇರ ಗೆರೆ ಎಳೆದರೂ ಸಾವಿರ ಕಿಲೋಮೀಟರಿಗೆ ಹತ್ತಿರ. ಈಗ ನಕಾಶೆಯಲ್ಲಿ ಕಣ್ಣನ್ನು ಸ್ವಲ್ಪ ಕೆಳಕ್ಕಿಳಿಸಿ. ತಮಿಳುನಾಡಿನ ಕಡಲೂರು ಜಿಲ್ಲೆಯ ನೆಯ್ವೇಲಿ ಬೆಂಗಳೂರಿನಿಂದ ನೇರ ಅಳತೆಗೆ 260 ಕಿಲೋಮೀಟರಿನ ಆಸುಪಾಸಿನಲ್ಲಿದೆ. ಅಲ್ಲಿನ ನೆಲದಡಿಯಲ್ಲಿ ರಾಶಿ ರಾಶಿ ಇದ್ದಲಿದೆ. 1962ರಿಂದ ಅದನ್ನು ಸುಟ್ಟು ಕರೆಂಟು ತೆಗೆಯುತ್ತಿದ್ದಾರೆ, ಅಲ್ಲಿನ ಎರಡನೇ ಸ್ಥಾವರದ ಕರೆಂಟಿನಲ್ಲಿ ಕರ್ನಾಟಕಕ್ಕೂ ಪಾಲಿದೆ. ಆದರೆ ನಮಗೆ ಬರುವುದು ಕರೆಂಟು ಮಾತ್ರ, ಇದ್ದಲು ಬರುವುದಿಲ್ಲ. ಇದಕ್ಕಿಂತ ವಿಚಿತ್ರವಾದದ್ದು ತೂತ್ತುಕುಡಿಯಲ್ಲಿದೆ. ನೆಯ್ವೇಲಿಯ ಗಣಿ ಕಂಪನಿಯೇ ಪಾಲುದಾರನಾಗಿ ಅದೇ ರಾಜ್ಯದ ಆ ಬಂದರಿನಲ್ಲಿ 1,000 ಮೆಗಾವಾಟ್‌ನ ಸ್ಥಾವರ ಕಟ್ಟಿತು. ಅಲ್ಲಿ ಉರಿಯುವುದು ನೆಯ್ವೇಲಿಯ ಇದ್ದಲಲ್ಲ, ಒಡಿಶಾದಿಂದ ಹಡಗಿನಲ್ಲಿ ಬರುವ ಇದ್ದಲು. ಮನೆಯ ಹಿತ್ತಲಲ್ಲಿ ಸೌದೆ ಒಟ್ಟಿಟ್ಟುಕೊಂಡವನು ಪಕ್ಕದ ಬೀದಿಯ ಒಲೆಗೆ ದೂರದ ಸಂತೆಯಿಂದ ಸೌದೆ ತರಿಸಿದ ಹಾಗಾಯಿತು. ಏಕೆ?

ಉತ್ತರ ಒಂದೇ ಶಬ್ದದ್ದು: ನೀರು. ಗಣಿ ಎಲ್ಲಿ, ಸ್ಥಾವರ ಎಲ್ಲಿ, ಊರು ಎಲ್ಲಿ, ಆ ಊರು ಯಾವಾಗ ಬೆಳೆಯುತ್ತದೆ, ಯಾವಾಗ ಖಾಲಿಯಾಗುತ್ತದೆ ಎಂಬುದನ್ನೆಲ್ಲ ಇದ್ದಲಿನೊಳಗಿನ ನೀರು ಹೇಗೆ ತೀರ್ಮಾನಿಸುತ್ತದೆ ಎಂಬುದೇ ಈ ಅಧ್ಯಾಯದ ವಿಷಯ. ಅದನ್ನು ನೋಡುವುದಕ್ಕೆ ನೆಯ್ವೇಲಿಗಿಂತ ಹಳೆಯದಾದ, ಏಳುಬೀಳು ಎರಡನ್ನೂ ಕಂಡ ಒಂದು ಸೀಮೆಗೆ ಹೋಗಬೇಕು. ಅದು ಜರ್ಮನಿಯ ಪೂರ್ವದಂಚಿನಲ್ಲಿ, ಪೋಲೆಂಡಿನ ಗಡಿಗೆ ಒತ್ತಿಕೊಂಡಿರುವ ಲೌಸಿಟ್ಸ್.

ಹಸಿ ಸೌದೆಯ ಲೆಕ್ಕ

ಕಲ್ಲಿದ್ದಲು ಎಂದಾಗ ನಮ್ಮ ಕಣ್ಣಿಗೆ ಬರುವುದು ಕಪ್ಪಗೆ ಹೊಳೆಯುವ ಗಟ್ಟಿ ಕಲ್ಲು. ಅದು ಇಪ್ಪತ್ತೈದು ಮೂವತ್ತು ಕೋಟಿ ವರ್ಷ ನೆಲದಾಳದಲ್ಲಿ ಒತ್ತಡಕ್ಕೂ ಬಿಸಿಗೂ ಸಿಕ್ಕಿ, ನೀರನ್ನೆಲ್ಲ ಹಿಂಡಿಸಿಕೊಂಡು ಕರಿದಾದದ್ದು. ಲಿಗ್ನೈಟ್ ಎಂದು ಹೆಸರಿರುವ ಕಂದು ಕಲ್ಲಿದ್ದಲು ಅದರ ಎಳೆಯ ತಮ್ಮ, ನೆಯ್ವೇಲಿಯದೂ ಇದೇ. ಲೌಸಿಟ್ಸ್‌ನ ಪದರ ಒಂದೂವರೆ ಕೋಟಿ ವರ್ಷಗಳ ಹಿಂದಿನ ಜೌಗು ಕಾಡಿನದು. ಅದರ ಮೇಲೆ ಹೊದಿಕೆಯಾಗಿ ಕೂತದ್ದು ಕೆಲವು ಹತ್ತು ಮೀಟರ್ ಮರಳು, ಜೇಡಿ ಅಷ್ಟೆ. ಹಿಂಡುವ ಕೈ ಬಲವಾಗಿರಲಿಲ್ಲ. ಹಾಗಾಗಿ ಅದರ ಉಂಡೆಯೊಂದನ್ನು ಕೈಗೆತ್ತಿಕೊಂಡರೆ ಕಲ್ಲಿಗಿಂತ ಒದ್ದೆ ಮರದ ತೊಗಟೆಯಂತೆ ಕಾಣುತ್ತದೆ. ಬಣ್ಣ ಮಣ್ಣಿನದು, ಕೆಲವು ಕಡೆ ಮರದ ನಾರು ಬರಿಗಣ್ಣಿಗೇ ತೋರುತ್ತದೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಲಟ್ರೋಬ್ ಕಣಿವೆಯಲ್ಲಿ ಅದು ನೂರಕ್ಕೆ ಅರವತ್ತನ್ನೂ ಮುಟ್ಟುತ್ತದೆ.

ಹಸಿ ಸೌದೆಯನ್ನು ಒಲೆಗೆ ತುರುಕಿದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೌದೆ ಮೊದಲು ಸುಂಯ್‌ಗುಟ್ಟುತ್ತದೆ, ತುದಿಯಲ್ಲಿ ನೊರೆ ಬರುತ್ತದೆ, ಹೊಗೆ ಕಣ್ಣು ಉರಿಸುತ್ತದೆ. ಸೌದೆಯ ಬೆಂಕಿ ತನ್ನ ಮೈಯ ನೀರನ್ನೇ ಆರಿಸುವುದರಲ್ಲಿ ಒಂದಷ್ಟು ಪಾಲು ಕಳೆಯುತ್ತದೆ, ಪಾತ್ರೆಗೆ ಸಿಗುವುದು ಉಳಿದದ್ದು. ಲೌಸಿಟ್ಸ್‌ನ ಒಂದು ಟನ್ ಕಂದು ಇದ್ದಲು ಕೊಡುವ ಶಾಖ, ಒಳ್ಳೆಯ ಕಪ್ಪು ಕಲ್ಲಿದ್ದಲಿನ ಮೂರನೇ ಒಂದು ಪಾಲು. ರೈಲ್ವೆಗೆ ಮಾತ್ರ ಟನ್ ಎಂದರೆ ಟನ್ನೇ. ಅದೇ ಶಾಖಕ್ಕೆ ಒಂದು ರೇಕಿನ ಬದಲು ಮೂರು ರೇಕು ಬೇಕು, ಅವುಗಳಲ್ಲಿ ಒಂದೂವರೆ ರೇಕು ತುಂಬ ಬರೀ ನೀರು. ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ಗಣಿಯಿಂದ ಹೊರಬಿದ್ದ ಈ ಇದ್ದಲು ಗಾಳಿಬಿಸಿಲಿಗೆ ಒಣಗುತ್ತ ಬಿರಿದು ಪುಡಿಯಾಗುತ್ತದೆ, ರಾಶಿ ಹಾಕಿಟ್ಟರೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗೊಳಗೇ ಬಿಸಿಯಾಗಿ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ದೂರ ಸಾಗಿಸುವಂತಿಲ್ಲ, ಬಹುಕಾಲ ಕೂಡಿಡುವಂತೆಯೂ ಇಲ್ಲ. ಇದಕ್ಕೆ ಕಾಲಿಲ್ಲ.

ಆಲೆಮನೆ ಗದ್ದೆಯಲ್ಲೇ ಏಕೆ?

ಕಾಲಿಲ್ಲದ ವಸ್ತುವನ್ನು ಬಳಸುವ ಉಪಾಯ ಮಂಡ್ಯದ ರೈತನಿಗೆ ಗೊತ್ತಿದೆ. ಹತ್ತು ಗಾಡಿ ಕಬ್ಬು ಅರೆದರೆ ಸಿಗುವ ಬೆಲ್ಲ ಒಂದು ಗಾಡಿಯಷ್ಟು. ಉಳಿದದ್ದು ಆವಿಯಾಗಿ ಹಾರಿಹೋಗುವ ನೀರು, ಸಿಪ್ಪೆ. ಅದಕ್ಕೇ ಯಾರೂ ಕಬ್ಬನ್ನು ಬೆಂಗಳೂರಿಗೆ ಸಾಗಿಸಿ ಅಲ್ಲಿ ಕೊಪ್ಪರಿಗೆ ಇಡುವುದಿಲ್ಲ. ಗಾಣ, ಕೊಪ್ಪರಿಗೆಗಳನ್ನೇ ಗದ್ದೆಯ ಮಗ್ಗುಲಿಗೆ ತಂದು ಬೆಲ್ಲದ ಅಚ್ಚನ್ನು ಪೇಟೆಗೆ ಕಳಿಸುತ್ತಾರೆ. ಕಬ್ಬೂ ಕಡಿದ ಮೇಲೆ ಕಾಯುವ ವಸ್ತುವಲ್ಲ, ಒಣಗುತ್ತ ಹೋದಂತೆ ಇಳುವರಿ ಇಳಿಯುತ್ತದೆ. ಜರ್ಮನಿಯ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ವೇಬರ್ 1909ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೇ ಒಂದು ನಿಯಮವಾಗಿ ನಿಲ್ಲಿಸಿದ. ತಯಾರಿಕೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾವಸ್ತು ಕಾರ್ಖಾನೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ತೂಕ ಕಳೆಯದ ವಸ್ತು ಕಾರ್ಖಾನೆಯನ್ನು ಪೇಟೆಯತ್ತ ಬಿಟ್ಟುಕೊಡುತ್ತದೆ. ಇಂಧನವಂತೂ ಉರಿದು ಇಡಿಯಾಗಿ ತೂಕ ಕಳೆದುಕೊಳ್ಳುವ ವಸ್ತು. ಅದರಲ್ಲೂ ಉರಿಯುವ ಮೊದಲೇ ಅರ್ಧ ನೀರಾಗಿರುವ ಕಂದು ಇದ್ದಲಿನ ಎಳೆತ ಎಲ್ಲಕ್ಕಿಂತ ಬಿರುಸಾದದ್ದು. ಇದನ್ನು ಸೆಳೆತೂಕ ಎಂದು ಕರೆಯೋಣ.

ಇಲ್ಲಿ ಬೆಲ್ಲದ ಅಚ್ಚಿನ ಸ್ಥಾನದಲ್ಲಿರುವುದು ಕರೆಂಟು, ಪೇಟೆಗೆ ಹೋಗುವ ಗಾಡಿಯ ಸ್ಥಾನದಲ್ಲಿ ತಂತಿ. ಲೌಸಿಟ್ಸ್‌ನ ಲೌಖಾಮರ್ ಎಂಬ ಸಣ್ಣ ಊರಿನಿಂದ ರೀಸಾದ ಉಕ್ಕಿನ ಕಾರ್ಖಾನೆಗೆ 1912ರಲ್ಲಿ 1,10,000 ವೋಲ್ಟಿನ ಮಾರ್ಗ ಎಳೆದರು. ಒಂದು ಲಕ್ಷ ವೋಲ್ಟ್ ದಾಟಿದ ಯುರೋಪಿನ ಮೊದಲ ಮಾರ್ಗ ಅದು. ಬರ್ಲಿನ್, ಪ್ಯಾರಿಸ್‌ಗಳನ್ನು ಬಿಟ್ಟು ಆ ದಾಖಲೆ ಒಂದು ಕಂದು ಇದ್ದಲಿನ ಹಳ್ಳಿಗೆ ಬಂದದ್ದು ಆಕಸ್ಮಿಕವಲ್ಲ. ಇದ್ದಲನ್ನು ಹೊರಲಾಗದ ಊರಿಗೇ ಎಲ್ಲರಿಗಿಂತ ಮೊದಲು ಉದ್ದ ತಂತಿ ಬೇಕಾಯಿತು.

ಇದ್ದಲು ನಡೆಯದು, ಗಣಿ ನಡೆಯುತ್ತದೆ

ಸ್ಥಾವರ ಗಣಿಯ ಬಳಿಗೆ ಬಂತು ಸರಿ. ಆದರೆ ಗಣಿ ನಿಂತಲ್ಲಿ ನಿಲ್ಲುವುದಿಲ್ಲ. ಲೌಸಿಟ್ಸ್‌ನ ಇದ್ದಲು ಪದರ ಹತ್ತು ಹನ್ನೆರಡು ಮೀಟರ್ ದಪ್ಪದ ಚಾಪೆಯಂತೆ ಅಡ್ಡಡ್ಡ ಹಾಸಿಕೊಂಡಿದೆ. ಒಂದು ಕಡೆ ಹೊದಿಕೆ ಮಣ್ಣನ್ನು ಸುಲಿದು ಪದರ ಎತ್ತಿದರೆ ಅಲ್ಲಿ ಕೆಲಸ ಮುಗಿಯಿತು, ಮುಂದಕ್ಕೆ ಸರಿಯಬೇಕು. ಸುಲಿದ ಮಣ್ಣನ್ನು ದೂರ ಹೊರುವುದು ದಂಡ, ಹಾಗಾಗಿ ಅದನ್ನು ಹಿಂದೆ ಖಾಲಿಯಾದ ಹೊಂಡಕ್ಕೇ ಸುರಿಯುತ್ತಾರೆ. ನೇಗಿಲು ಮಣ್ಣನ್ನು ಒಂದು ಮಗ್ಗುಲಿನಿಂದ ಮತ್ತೊಂದಕ್ಕೆ ಮಗುಚುತ್ತ ಸಾಲು ಸಾಲಾಗಿ ಹೊಲ ದಾಟುವಂತೆ ಗಣಿಯೂ ಸೀಮೆಯನ್ನು ದಾಟುತ್ತದೆ. ಈ ನೇಗಿಲಿಗೆ ಎಫ್60 ಎಂದು ಹೆಸರು. 502 ಮೀಟರ್ ಉದ್ದದ, ಸುಮಾರು 11,000 ಟನ್ ತೂಕದ ಉಕ್ಕಿನ ಸೇತುವೆ ಅದು. ಹೊಂಡದ ಈ ದಡದಿಂದ ಆ ದಡಕ್ಕೆ ಅಡ್ಡಲಾಗಿ ನಿಂತು, ಹಳಿಗಳ ಮೇಲೆ ಇಂಚಿಂಚಾಗಿ ಸರಿಯುತ್ತ, 60 ಮೀಟರ್ ದಪ್ಪದ ಮಣ್ಣಿನ ಹೊದಿಕೆಯನ್ನು ಬೆಲ್ಟಿನ ಮೇಲೆ ದಾಟಿಸಿ ಎದುರು ದಡಕ್ಕೆ ಉಗುಳುತ್ತದೆ. ಹೆಸರಿನ 60 ಆ ದಪ್ಪದಿಂದಲೇ ಬಂದದ್ದು. ಐಫೆಲ್ ಗೋಪುರವನ್ನು ಮಲಗಿಸಿದಂತಿದೆ ಎಂದು ಅಲ್ಲಿನ ಜನ ಹೇಳುವುದು ಬಡಾಯಿಯಲ್ಲ, ಐಫೆಲ್ ಗೋಪುರಕ್ಕಿಂತ ಇದು ಉದ್ದವೇ ಇದೆ.

ಅದರ ದಾರಿಯಲ್ಲಿ ಊರು ಬಂದರೆ ಊರು ಏಳಬೇಕು. ಲೌಸಿಟ್ಸ್ ಸೋರ್ಬ್ ಎಂಬ ಸ್ಲಾವ್ ಜನರ ನೆಲ. ಅವರ ಭಾಷೆ ಜರ್ಮನ್ ಅಲ್ಲ, ಪೋಲಿಷ್, ಜೆಕ್ ಭಾಷೆಗಳ ಬಳಗದ್ದು. 1924ರಿಂದ ಈಚೆಗೆ ಗಣಿಗಾಗಿ ಇಲ್ಲಿ ಪೂರ್ತಿಯಾಗಿಯೋ ಭಾಗಶಃವೋ ಎತ್ತಂಗಡಿಯಾದ ಊರುಗಳು 130ಕ್ಕೂ ಹೆಚ್ಚು. ಕಪ್ಪು ಕಲ್ಲಿದ್ದಲು ಆಳದಲ್ಲಿರುವ ಸೀಮೆಯಲ್ಲಿ ಗಣಿ ಊರಿನ ಅಡಿಯಲ್ಲಿ ಸುರಂಗವಾಗಿ ಹೋಗುತ್ತದೆ, ಮೇಲೆ ಊರು ಕುಗ್ಗಿದರೂ ಉಳಿಯುತ್ತದೆ. ಕಂದು ಇದ್ದಲಿನ ಸೀಮೆಯಲ್ಲಿ ಊರು, ಗಣಿ ಎರಡಕ್ಕೂ ಜಾಗವಿಲ್ಲ.

ಊರು ಅಳಿದಂತೆ ಹೊಸ ಊರೂ ಹುಟ್ಟಿತು. ಎರಡನೇ ಮಹಾಯುದ್ಧದ ನಂತರ ಪೂರ್ವ ಜರ್ಮನಿಗೆ ದಕ್ಕಿದ ಪಾಲಿನಲ್ಲಿ ಕಪ್ಪು ಕಲ್ಲಿದ್ದಲು ಇಲ್ಲವೆನ್ನುವಷ್ಟು ಕಡಿಮೆ, ಪೆಟ್ರೋಲಿಗೆ ಸೋವಿಯತ್ ಒಕ್ಕೂಟದ ಮುಖ ನೋಡಬೇಕು. ಇದ್ದದ್ದು ಕಂದು ಇದ್ದಲೊಂದೇ. 1980ರ ದಶಕದಲ್ಲಿ ಆ ಪುಟ್ಟ ದೇಶ ವರ್ಷಕ್ಕೆ 30 ಕೋಟಿ ಟನ್ನಿಗೂ ಮೀರಿ ಬಗೆದು ಜಗತ್ತಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಸುಮಾರು 20 ಕೋಟಿ ಲೌಸಿಟ್ಸ್‌ನದು. 1955ರಲ್ಲಿ ಶ್ವಾರ್ತ್ಸೆ ಪುಂಪೆ ಎಂಬಲ್ಲಿ ದೊಡ್ಡ ಇದ್ದಲು ಸಂಕೀರ್ಣಕ್ಕೆ ಅಡಿಗಲ್ಲು ಬಿತ್ತು. ಹತ್ತಿರದ ಹೊಯರ್ಸ್‌ವೆರ್ಡಾ ಆಗ ಏಳು ಸಾವಿರ ಚಿಲ್ಲರೆ ಜನರ ಊರು. ಕಾರ್ಖಾನೆಯಲ್ಲಿ ಎರಕಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಜೋಡಿಸಿ ವಠಾರಗಳ ಮೇಲೆ ವಠಾರ ಎಬ್ಬಿಸಿದರು. 1980ರ ದಶಕದ ಆರಂಭಕ್ಕೆ ಅಲ್ಲಿ 70,000ಕ್ಕೂ ಮೀರಿ ಜನರಿದ್ದರು.

ಕಾಲು ಕಟ್ಟಿಸುವ ಪ್ರಯತ್ನಗಳು

ಇಲ್ಲೊಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ. ಬರ್ಲಿನ್ನಿನ ಮನೆಗಳ ಹೆಂಚಿನ ಒಲೆಗಳಲ್ಲಿ ದಶಕಗಟ್ಟಲೆ ಉರಿದದ್ದು ಲೌಸಿಟ್ಸ್‌ನ ಇದ್ದಲೇ ಅಲ್ಲವೆ? ಹೌದು. ಆದರೆ ಹಾಗೆ ಹೋದದ್ದು ಹಸಿ ಇದ್ದಲಲ್ಲ, ಬ್ರಿಕೆಟ್ ಎಂಬ ಇದ್ದಲಿಟ್ಟಿಗೆ. ಪುಡಿಮಾಡಿ, ಹಬೆಯಲ್ಲಿ ಒಣಗಿಸಿ, ಅಚ್ಚಿನಲ್ಲಿ ಒತ್ತಿದ್ದು. ನೀರು ಐದನೇ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ, ಶಾಖ ಇಮ್ಮಡಿಗೂ ಮೀರುತ್ತದೆ, ಅಂದರೆ ಕಾಲು ಬರುತ್ತದೆ. ಒಣಗಿಸುವ ಕಾರ್ಖಾನೆಯೂ ಗಣಿಯ ಪಕ್ಕದಲ್ಲೇ ನಿಲ್ಲಬೇಕಾಯಿತು ಎಂಬುದನ್ನು ಗಮನಿಸಿದರೆ ಆಕ್ಷೇಪವೇ ಸಾಕ್ಷಿಯಾಗುತ್ತದೆ. ಶ್ವಾರ್ತ್ಸೆ ಪುಂಪೆಯಲ್ಲಿ ಇದ್ದಲಿನಿಂದ ಅಡುಗೆ ಅನಿಲ ತೆಗೆದು ಕೊಳವೆಯಲ್ಲಿ ದೇಶಕ್ಕೆಲ್ಲ ಕಳಿಸಿದ್ದೂ ಇದೇ ಸಾಹಸದ ಇನ್ನೊಂದು ರೂಪ. ತೀರ ಈಚೆಗೆ, 2022ರಲ್ಲಿ, ಲಟ್ರೋಬ್ ಕಣಿವೆಯ ಇದ್ದಲಿನಿಂದ ಜಲಜನಕ ತೆಗೆದು ದ್ರವವಾಗಿಸಿ ‘ಸುಯಿಸೊ ಫ್ರಾಂಟಿಯರ್’ ಎಂಬ ಹಡಗಿನಲ್ಲಿ ಜಪಾನಿನ ಕೋಬೆಗೆ ಒಯ್ದು ನೋಡಿದರು. ಪ್ರಯೋಗವೇನೋ ದಡ ಮುಟ್ಟಿತು, ವ್ಯಾಪಾರ ಹುಟ್ಟಲಿಲ್ಲ.

ಎರಡನೇ ಆಕ್ಷೇಪ ನಮ್ಮ ದೇಶದ್ದು, ಇನ್ನೂ ಗಟ್ಟಿಯಾದದ್ದು. ಭಾರತದ ಕಪ್ಪು ಕಲ್ಲಿದ್ದಲಿನಲ್ಲೂ ಮೂರನೇ ಒಂದು ಪಾಲಿಗೂ ಹೆಚ್ಚು ಬೂದಿ ಇರುತ್ತದೆ. ನೀರಿನ ಬದಲು ಮಣ್ಣು ಹೊತ್ತ ಹಾಗೆ. ಅದು ಸಾವಿರ ಕಿಲೋಮೀಟರ್ ಬರುವುದಾದರೆ ಸೆಳೆತೂಕದ ನಿಯಮ ಎಲ್ಲಿಗೆ ಹೋಯಿತು? ನಿಯಮ ಅಲ್ಲೇ ಇದೆ. ಸಿಂಗ್ರೌಲಿ, ಕೊರ್ಬಾ, ರಾಮಗುಂಡಂಗಳಲ್ಲಿ ದೈತ್ಯ ಸ್ಥಾವರಗಳು ಗಣಿಗೆ ಅಂಟಿಕೊಂಡು ನಿಂತಿರುವುದು ಅದರಿಂದಲೇ. ಅದನ್ನು ಮೀರಿ ಇದ್ದಲು ದೂರ ಹೋದದ್ದರಲ್ಲಿ ಸರ್ಕಾರದ ಕೈಯೂ ಇದೆ. 1952ರಿಂದ 1993ರವರೆಗೆ ಸಾಗಣೆ ವೆಚ್ಚವನ್ನು ದೇಶಕ್ಕೆಲ್ಲ ಸಮನಾಗಿಸುವ ನೀತಿ ಇತ್ತು, ಗಣಿಗೆ ಹತ್ತಿರವಿದ್ದವರ ಲಾಭ ಅದರಿಂದ ಅಳಿಸಿಹೋಯಿತು. ಜಾರ್ಖಂಡ್, ಬಿಹಾರಗಳು ಇದರ ಬಗ್ಗೆ ಇಂದಿಗೂ ಗೊಣಗುತ್ತವೆ, ಅದರಲ್ಲಿ ನ್ಯಾಯವಿದೆ. ಮುಂದೆ, 500 ಕಿಲೋಮೀಟರಿಗಿಂತ ದೂರದ ಸ್ಥಾವರಕ್ಕೆ ನೂರಕ್ಕೆ 34ಕ್ಕಿಂತ ಹೆಚ್ಚು ಬೂದಿಯ ಇದ್ದಲು ಹೋಗಕೂಡದು ಎಂಬ ನಿಯಮ ಬಂತು, 2020ರಲ್ಲಿ ಅದನ್ನೂ ಕೈಬಿಟ್ಟರು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಬೂದಿ ಸುಮ್ಮನೆ ಹೊರೆ, ದಾರಿಯಲ್ಲಿ ಪುಡಿಯಾಗುವುದಿಲ್ಲ, ಹೊತ್ತಿಕೊಳ್ಳುವುದೂ ಇಲ್ಲ. ಒದ್ದೆ ಲಿಗ್ನೈಟಿನ ದೂರವನ್ನು ಯಾವ ರಿಯಾಯಿತಿಯೂ ಅಳಿಸಲಾರದು. ಕಛ್‌ನ ಪಾನಂಧ್ರೊ, ಬಿಕಾನೇರ್ ಬಳಿಯ ಬರ್ಸಿಂಗ್‌ಸರ್, ನೆಯ್ವೇಲಿ, ಎಲ್ಲಿ ನೋಡಿದರೂ ಗಣಿಗೊಂದು ಸ್ಥಾವರ, ಸ್ಥಾವರಕ್ಕೊಂದು ಗಣಿ.

ಗಂಟು ಬಿಚ್ಚಿದ ವರ್ಷಗಳು

ಗಣಿಗೊಂದು ಸ್ಥಾವರ, ಸ್ಥಾವರಕ್ಕೊಂದು ಗಣಿ ಎಂಬುದು ಕೇಳುವುದಕ್ಕೆ ಒಳ್ಳೆಯ ಜೋಡಿ. ಅಪಾಯವಿರುವುದು ಅದರಲ್ಲೇ. ಜರ್ಮನಿಯದೇ ಇನ್ನೊಂದು ಸೀಮೆ ರೂರ್, ಕಪ್ಪು ಕಲ್ಲಿದ್ದಲಿನದು. ಅಲ್ಲಿನ ಗಣಿಗಳು 1950ರ ದಶಕದ ಕೊನೆಯಿಂದ ಒಂದೊಂದಾಗಿ ಮುಚ್ಚುತ್ತ ಬಂದು, ಬೊಟ್ರೊಪ್ ಊರಿನ ಕೊನೆಯ ಗಣಿ 2018ರ ಡಿಸೆಂಬರಿನಲ್ಲಿ ನಿಂತಿತು. ಆದರೆ ಅಲ್ಲಿನ ಉಕ್ಕಿನ ಕುಲುಮೆ, ವಿದ್ಯುತ್ ಸ್ಥಾವರಗಳಿಗೆ ಗಣಿ ಮುಚ್ಚಿದ ದಿನ ಬೀಗ ಬೀಳಲಿಲ್ಲ. ಕಪ್ಪು ಕಲ್ಲಿದ್ದಲಿಗೆ ಕಾಲಿದೆ. ಸಮುದ್ರದಾಚೆಯ ಇದ್ದಲು ರಾಟರ್‌ಡ್ಯಾಮಿಗೆ ಬಂದು ರೈನ್ ನದಿಯ ದೋಣಿಗಳಲ್ಲಿ ರೂರ್ ಸೀಮೆಯ ಡುಯಿಸ್‌ಬುರ್ಗ್ ತಲುಪುತ್ತಿತ್ತು. ಸರಪಣಿಯ ಒಂದು ಕೊಂಡಿ ಕಳಚಿದರೆ ಬೇರೆ ಕೊಂಡಿ ಸಿಕ್ಕಿಸಬಹುದಿತ್ತು, ಅರವತ್ತು ವರ್ಷಗಳ ಕಾಲಾವಕಾಶ ಸಿಕ್ಕಿತು. ಲೌಸಿಟ್ಸ್‌ನಲ್ಲಿದ್ದದ್ದು ಸರಪಣಿಯಲ್ಲ, ಗಂಟು. ಗಣಿ ನಿಂತರೆ ಸ್ಥಾವರಕ್ಕೆ ಬೇರೆ ಇದ್ದಲು ಇಲ್ಲ, ಸ್ಥಾವರ ನಿಂತರೆ ಇದ್ದಲಿಗೆ ಬೇರೆ ಗಿರಾಕಿ ಇಲ್ಲ.

1990ರಲ್ಲಿ ಎರಡು ಜರ್ಮನಿಗಳು ಒಂದಾದಾಗ ಈ ಗಂಟು ಬಿಚ್ಚಿತು. ಪಶ್ಚಿಮದ ನಾಣ್ಯ, ನೈಸರ್ಗಿಕ ಅನಿಲದ ಕೊಳವೆ, ಶುದ್ಧ ಗಾಳಿಯ ಕಾಯ್ದೆ ಎಲ್ಲ ಒಟ್ಟಿಗೆ ಒಳಗೆ ಬಂದವು. ಮೊದಲು ಬಿದ್ದದ್ದು ಕಾಲು ಕಟ್ಟಿಸಿಕೊಂಡಿದ್ದ ಸರಕುಗಳೇ, ಇದ್ದಲಿಟ್ಟಿಗೆ ಮತ್ತು ಇದ್ದಲಿನ ಅನಿಲ. ನಡೆಯಬಲ್ಲ ಸರಕನ್ನು ಹೊರಗಿನಿಂದ ನಡೆದು ಬಂದ ಸರಕು ಸೋಲಿಸುತ್ತದೆ. ಲೌಸಿಟ್ಸ್‌ನ ಗಣಿ ಕೆಲಸಗಳು 1989ರಲ್ಲಿ ಸುಮಾರು 80,000 ಇದ್ದದ್ದು ಈಗ ಏಳೆಂಟು ಸಾವಿರಕ್ಕೆ ಇಳಿದಿವೆ. ಹೊಯರ್ಸ್‌ವೆರ್ಡಾದ ಜನಸಂಖ್ಯೆ ಅರ್ಧಕ್ಕೂ ಕೆಳಗಿಳಿದು 30,000ದ ಆಸುಪಾಸಿಗೆ ಬಂತು, ವಠಾರಗಳನ್ನು ಕಟ್ಟಿದ ಹಾಗೆಯೇ ಕ್ರೇನು ತಂದು ಬಿಚ್ಚಿದರು. ಲಿಕ್ಟರ್‌ಫೆಲ್ಡ್‌ನಲ್ಲಿ 1991ರಲ್ಲಿ ಓಡತೊಡಗಿದ ಎಫ್60 ಸೇತುವೆಯೊಂದು ಹದಿಮೂರು ತಿಂಗಳು ಕೆಲಸ ಮಾಡಿ ನಿಂತಿತು. ಈಗ ಟಿಕೆಟ್ ತೆಗೆದುಕೊಂಡು ಹತ್ತಬಹುದು.

ಇದು ರಾಜಕೀಯದ ಫಲ, ನೀರಿನದಲ್ಲ ಎಂದು ವಾದಿಸಬಹುದು. ವೇಗದ ಮಟ್ಟಿಗೆ ಒಪ್ಪಬೇಕಾದ ಮಾತು. ದೇಶಗಳು ಒಂದಾಗದಿದ್ದರೆ ಕುಸಿತ ನಿಧಾನವಾಗಿರುತ್ತಿತ್ತು. ಆದರೆ ಕುಸಿತದ ಆಕಾರ ನೀರಿನದೇ. ರಾಜಕೀಯ ಬದಲಾಗದ ಆಸ್ಟ್ರೇಲಿಯಾವನ್ನು ನೋಡಿ. ಲಟ್ರೋಬ್ ಕಣಿವೆಯ ಹೇಜಲ್‌ವುಡ್ ಸ್ಥಾವರವನ್ನು ಮುಚ್ಚುವುದಾಗಿ 2016ರ ನವೆಂಬರಿನಲ್ಲಿ ಪ್ರಕಟಿಸಿದರು, 2017ರ ಮಾರ್ಚ್ ಕೊನೆಗೆ ಮುಚ್ಚಿದರು, ಜೊತೆಯಲ್ಲೇ ಪಕ್ಕದ ಗಣಿಯೂ ಮುಗಿಯಿತು. ಐದು ತಿಂಗಳು! ಇದ್ದಲನ್ನು ಬೇರೆಯವರಿಗೆ ಮಾರುತ್ತೇವೆ ಎನ್ನುವ ದಾರಿಯೇ ಇರಲಿಲ್ಲ.

ನದಿಯೂ ಗಂಟಿನೊಳಗೆ

ಗಂಟಿನಲ್ಲಿ ಸಿಕ್ಕಿಕೊಂಡದ್ದು ಊರು, ಕೆಲಸ ಮಾತ್ರವಲ್ಲ. ಮರಳು ಸೀಮೆಯಲ್ಲಿ ಅಷ್ಟು ಆಳ ತೋಡಿದರೆ ಹೊಂಡ ಬಾವಿಯಾಗುತ್ತದೆ. ಅದಕ್ಕೆ ಸುತ್ತಲೂ ಪಂಪು ಹೂಡಿ ಅಂತರ್ಜಲ ಹೊರಹಾಕಬೇಕು, ತೆಗೆದ ಇದ್ದಲಿನ ಹಲವು ಪಟ್ಟು ತೂಕದ ನೀರನ್ನು. ಆ ನೀರನ್ನು ನೂರು ವರ್ಷದಿಂದ ಸ್ಪ್ರೇ ನದಿಗೆ ಬಿಡುತ್ತಿದ್ದಾರೆ. ಬೇಸಿಗೆಯಲ್ಲಿ ಕೊಟ್‌ಬುಸ್ ಊರಿನ ಬಳಿ ಹರಿಯುವ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಂಪಿನದು. ಅದೇ ನದಿ ಮುಂದೆ ಬರ್ಲಿನ್ನಿನ ಕುಡಿಯುವ ನೀರಿಗೆ ಆಸರೆ. ಗಣಿ ನಿಂತು ಪಂಪು ನಿಂತರೆ ನದಿ ಸೊರಗುತ್ತದೆ. ಹಳೆಯ ಹೊಂಡಗಳನ್ನು ಕೆರೆ ಮಾಡಿ ಪ್ರವಾಸಿಗರನ್ನು ಕರೆಯುವುದು ಚೆಂದದ ಯೋಚನೆಯೇ, ಸೆನ್‌ಫ್ಟೆನ್‌ಬೆರ್ಗ್‌ನ ಕೆರೆ 1970ರ ದಶಕದಿಂದ ಅದನ್ನು ಮಾಡಿ ತೋರಿಸಿದೆ. ಆದರೆ ಕೆರೆಗೂ ನದಿಯ ನೀರೇ ಬೇಕು. ಕೊಟ್‌ಬುಸ್ ಬಳಿಯ 19 ಚದರ ಕಿಲೋಮೀಟರ್ ಹೊಂಡಕ್ಕೆ 2019ರಿಂದ ನೀರು ತುಂಬತೊಡಗಿದರು. ತುಂಬಿದ ಮೇಲೂ ಬಿಸಿಲಿಗೆ ಬಾಯ್ತೆರೆದ ಕೆರೆಯಿಂದ ಆವಿಯಾಗಿ ಹೋಗುವುದು ಬಹಳ. ಸಾಲದ್ದಕ್ಕೆ ಅಂತರ್ಜಲ ಮತ್ತೆ ಮೇಲೇರುವಾಗ, ಗಾಳಿಗೆ ಒಡ್ಡಿದ್ದ ಮಣ್ಣಿನೊಳಗಿನ ಕಬ್ಬಿಣ ಗಂಧಕಗಳ ಖನಿಜವನ್ನು ತೊಳೆದು ತರುತ್ತದೆ, ನದಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ.

ಉಳಿಯುವ ಮೂರು

ಜರ್ಮನಿ 2020ರಲ್ಲಿ ಕಾನೂನು ಮಾಡಿ, ಹೆಚ್ಚೆಂದರೆ 2038ಕ್ಕೆ ಇದ್ದಲಿನ ಕರೆಂಟನ್ನು ನಿಲ್ಲಿಸುವುದೆಂದೂ ಇದ್ದಲು ಸೀಮೆಗಳಿಗೆ 4,000 ಕೋಟಿ ಯೂರೊವರೆಗೆ ನೆರವು ಕೊಡುವುದೆಂದೂ ತೀರ್ಮಾನಿಸಿತು. ಅದರಲ್ಲಿ ಲೌಸಿಟ್ಸ್‌ನ ಪಾಲು ಸುಮಾರು 1,700 ಕೋಟಿ. ಹಣ ಎಲ್ಲಿ ಬೇರೂರುತ್ತದೆ ಎಂಬುದಕ್ಕೂ ಸೆಳೆತೂಕದ ಲೆಕ್ಕವೇ ದಾರಿ ತೋರಿಸುತ್ತದೆ. ಇದ್ದಲು ಇಲ್ಲವಾದ ಮೇಲೆ ಆ ಸೀಮೆಗೆ ಕಾರ್ಖಾನೆಗಳನ್ನು ಎಳೆದುಕೊಳ್ಳುವ ತೂಕವೇ ಇರುವುದಿಲ್ಲ, ಎಲ್ಲ ಊರುಗಳಂತೆ ಅದೂ ಒಂದು ಊರು. ಲೌಖಾಮರ್‌ಗೆ 2002ರಲ್ಲಿ ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆ ಬಂತು, ಹಸಿರು ಭವಿಷ್ಯವೆಂದು ಎಲ್ಲರೂ ಕೊಂಡಾಡಿದರು. ಇಪ್ಪತ್ತು ವರ್ಷಕ್ಕೆ ಅದು ಗಂಟುಮೂಟೆ ಕಟ್ಟಿತು. ರೆಕ್ಕೆಯನ್ನು ಎಲ್ಲಿ ಬೇಕಾದರೂ ಮಾಡಬಹುದು, ಹಾಗಾಗಿ ಅದು ಎಲ್ಲಿಗೆ ಬೇಕಾದರೂ ಹೋಗಬಹುದು. ಹಳೆಯ ಗಣಿ ನೆಲದಲ್ಲಿ ಸೌರಫಲಕ ಹಾಸುವುದು ಸರಿಯಾದ ಕೆಲಸ, ಏಕೆಂದರೆ ದಪ್ಪ ತಂತಿಗಳು ಅಲ್ಲಿ ಮೊದಲೇ ಇವೆ. ಆದರೆ ಫಲಕಗಳಿಗೆ ಕಾವಲುಗಾರರು ಸಾಕು. ಕರೆಂಟಿನ ಬದಲಿ ಸಿಗುತ್ತದೆ, ಕೂಲಿಯ ಬದಲಿ ಸಿಗುವುದಿಲ್ಲ.

ಇದ್ದಲು ಹೋದ ಮೇಲೆ ಈ ಸೀಮೆಯಲ್ಲಿ ಉಳಿಯುವುದು ತಂತಿ, ಹಳಿ ಮತ್ತು ಭಾರಿ ಯಂತ್ರಗಳನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು. ಈ ಮೂರರ ಮೇಲೆ ಕೂತದ್ದು ಉಳಿಯುವ ಸಂಭವ ಹೆಚ್ಚು ಎಂಬುದು ನನ್ನ ಎಣಿಕೆ. ಜರ್ಮನ್ ರೈಲ್ವೆ ಕೊಟ್‌ಬುಸ್‌ನಲ್ಲಿ ತನ್ನ ಅತಿವೇಗದ ರೈಲುಗಳ ದುರಸ್ತಿಗೆ ಕಟ್ಟುತ್ತಿರುವ ಕಾರ್ಯಾಗಾರದ ಮೊದಲ ಶೆಡ್ಡು 2024ರ ಜನವರಿಯಲ್ಲಿ ತೆರೆಯಿತು. ಅದರ ಯೋಜನೆ 1,200 ಜನರಿಗೆ ಕೆಲಸ ಕೊಡುವುದು. 80,000ದ ಮುಂದೆ ಅದು ಸಣ್ಣ ಸಂಖ್ಯೆ.

ನೆಯ್ವೇಲಿಯಲ್ಲಿ ಗಂಟು ಬಿಚ್ಚುವ ದಿನ ಇನ್ನೂ ಬಂದಿಲ್ಲ. 1962ರಲ್ಲಿ ಸೋವಿಯತ್ ನೆರವಿನಿಂದ ಓಡತೊಡಗಿದ ಮೊದಲ ಸ್ಥಾವರ ಹಳತಾಗಿ 2020ರಲ್ಲಿ ನಿಂತಿತು. ಅದರ ಬದಲಿಗೆ 1,000 ಮೆಗಾವಾಟ್‌ನ ಹೊಸ ಸ್ಥಾವರ ಕಟ್ಟಿದ್ದಾರೆ, ಅದೂ ನೆಯ್ವೇಲಿಯಲ್ಲೇ.